ಬೆಳೆದ ಬೆಕ್ಕಿಗೆ ಪ್ರತಿ ವರ್ಷ ಲಸಿಕೆ ಅಗತ್ಯವೇ?

ಕೊಯ್ಲಿನ ನಂತರದ ಧಾನ್ಯ ಸಂಗ್ರಹಣೆ ಕುರಿತ ತರಬೇತಿಗಳಲ್ಲಿ ಇಲಿ ನಿಯಂತ್ರಣದ ಭಾಗ ಮುಗಿಯುತ್ತಿದ್ದಂತೆ ರೈತರಿಂದ ತಪ್ಪದೆ ಬರುವ ಪ್ರಶ್ನೆ ಬೆಕ್ಕಿಗೆ ಸಂಬಂಧಿಸಿದ್ದು. ಉಗ್ರಾಣದಲ್ಲಿ ಬೆಕ್ಕು ಸಾಕಿದರೆ ಸಾಲದೇ ಎಂದು ಹಿಂದೆ ಕೇಳುತ್ತಿದ್ದರು. ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿದೆ: "ಮರಿಯಿದ್ದಾಗ ಸೂಜಿ ಹಾಕಿಸಿದ್ದೇವೆ, ಈಗ ಬೆಕ್ಕಿಗೆ ನಾಲ್ಕು ವರ್ಷ. ಪ್ರತಿ ವರ್ಷವೂ ಹಾಕಿಸಲೇಬೇಕೇ?" ಪ್ರಶ್ನೆ ಸಣ್ಣದೆಂದು ಕಾಣಬಹುದು. ಆದರೆ ತಪ್ಪು ಉತ್ತರದ ಬೆಲೆಯನ್ನು ಕೆಲವೊಮ್ಮೆ ಬೆಕ್ಕಲ್ಲ, ಮನೆಯ ಜನ ತೆರಬೇಕಾಗುತ್ತದೆ. ಆದ್ದರಿಂದ ಇದನ್ನು ಬಿಡಿಸಿ ಹೇಳುವುದು ಅವಶ್ಯಕ.

ಈ ಲೇಖಕ ಬೇಸಾಯಶಾಸ್ತ್ರದ ವಿಜ್ಞಾನಿಯೇ ಹೊರತು ಪಶುವೈದ್ಯನಲ್ಲ. ಇಲ್ಲಿರುವ ವಿವರಣೆ ನೀವು ಪಶುವೈದ್ಯರ ಬಳಿ ಹೋದಾಗ ಯಾವ ಪ್ರಶ್ನೆ ಕೇಳಬೇಕು, ಅವರ ಸಲಹೆಯ ಹಿಂದಿನ ಕಾರಣವೇನು ಎಂಬುದನ್ನು ತಿಳಿಸುವುದಕ್ಕಾಗಿ ಮಾತ್ರ. ಲಸಿಕೆಯ ಆಯ್ಕೆ ಮತ್ತು ದಿನಾಂಕವನ್ನು ಅವರೇ ನಿರ್ಧರಿಸಬೇಕು.

ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು

"ಬೆಕ್ಕಿಗೆ ಲಸಿಕೆ ಬೇಕೇ" ಎಂದು ಒಟ್ಟಾಗಿ ಕೇಳಿದರೆ ಸರಿಯಾದ ಉತ್ತರ ದೊರೆಯುವುದಿಲ್ಲ. "ಯಾವ ರೋಗದ ಲಸಿಕೆ" ಎಂದು ಕೇಳಬೇಕು. ಪಶುಪಾಲನೆ ಮಾಡುವ ರೈತರಿಗೆ ಇದು ಹೊಸ ವಿಷಯವಲ್ಲ. ನಿಮ್ಮ ಕೊಟ್ಟಿಗೆಯ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆಯನ್ನು 6 ತಿಂಗಳಿಗೊಮ್ಮೆ ಹಾಕಿಸುತ್ತೀರಿ. ಗಳಲೆ ರೋಗ ಮತ್ತು ಚಪ್ಪೆ ರೋಗಗಳ ಲಸಿಕೆ ಮುಂಗಾರಿಗೆ ಮೊದಲು ವರ್ಷಕ್ಕೊಮ್ಮೆ. ಕುರಿ ಮೇಕೆಗಳಿಗೆ ಪಿಪಿಆರ್ ಲಸಿಕೆ ಒಮ್ಮೆ ಹಾಕಿದರೆ ಸುಮಾರು 3 ವರ್ಷ ರಕ್ಷಣೆ ನೀಡುತ್ತದೆ. ಕಂದುರೋಗದ ಲಸಿಕೆಯನ್ನಂತೂ 4ರಿಂದ 8 ತಿಂಗಳ ಹೆಣ್ಣುಕರುವಿಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹಾಕುತ್ತಾರೆ. ಒಂದೇ ಕೊಟ್ಟಿಗೆ, ನಾಲ್ಕು ಬಗೆಯ ಅವಧಿ. ರೋಗಾಣುವಿನ ಸ್ವಭಾವ, ಲಸಿಕೆ ಸಜೀವವೋ ನಿಷ್ಕ್ರಿಯವೋ ಎಂಬುದು, ರೋಗ ತಗಲುವ ಸಂಭವ ಮತ್ತು ತಗಲಿದರೆ ಆಗುವ ಹಾನಿ ಇವೆಲ್ಲ ಸೇರಿ ಅವಧಿ ನಿಗದಿಯಾಗುತ್ತದೆ.

ಬೆಕ್ಕಿನ ಲಸಿಕೆಗಳಿಗೂ ಇದೇ ತರ್ಕ ಅನ್ವಯಿಸುತ್ತದೆ. ನಮ್ಮಲ್ಲಿ ಬೆಕ್ಕುಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ಲಸಿಕೆ ಬಳಕೆಯಲ್ಲಿವೆ. ಒಂದು ರೇಬೀಸ್ ಅಥವಾ ಹುಚ್ಚುನಾಯಿ ರೋಗದ ಲಸಿಕೆ. ಇನ್ನೊಂದು ಮೂರು ರೋಗಗಳ ಸಂಯುಕ್ತ ಲಸಿಕೆ. ಇವೆರಡಕ್ಕೂ ಒಂದೇ ಉತ್ತರವಿಲ್ಲ.

ರೇಬೀಸ್: ಇಲ್ಲಿ ರಿಯಾಯಿತಿ ಇಲ್ಲ

ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಪ್ರಾಣಿಯಾಗಲಿ ಮನುಷ್ಯನಾಗಲಿ ಬದುಕುಳಿಯುವುದು ಇಲ್ಲವೆಂದೇ ಹೇಳಬೇಕು. ಭಾರತದಲ್ಲಿ ಈ ರೋಗದ ಮುಖ್ಯ ಮೂಲ ನಾಯಿ. ಬೆಕ್ಕು ಈ ರೋಗವನ್ನು ತನ್ನ ಕುಲದಲ್ಲಿ ಉಳಿಸಿಕೊಂಡು ಬರುವ ಪ್ರಾಣಿಯಲ್ಲ. ರೋಗವಿರುವ ನಾಯಿ, ನರಿ ಅಥವಾ ಮುಂಗುಸಿ ಕಚ್ಚಿದಾಗ ಅದಕ್ಕೆ ರೋಗ ತಗಲುತ್ತದೆ. ಇಲಿ ಹಿಡಿಯುವುದರಿಂದ ರೇಬೀಸ್ ಬರುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಇಲಿ ಹೆಗ್ಗಣಗಳಿಂದ ಈ ರೋಗ ಹರಡುವುದು ಅತಿ ವಿರಳ. ಅಪಾಯವಿರುವುದು ರಾತ್ರಿ ಹೊಲದ ಬದುವಿನಲ್ಲಿ, ಕಣದ ಅಂಚಿನಲ್ಲಿ, ಹಿತ್ತಿಲ ತಿಪ್ಪೆಯ ಬಳಿ ನಡೆಯುವ ಕಾದಾಟಗಳಲ್ಲಿ. ಬೀಜ ಒಡೆಸದ ಗಂಡು ಬೆಕ್ಕು ಹೆಚ್ಚು ದೂರ ಅಲೆಯುತ್ತದೆ, ಹೆಚ್ಚು ಕಾದಾಡುತ್ತದೆ. ಅದರ ಅಪಾಯವೂ ಹೆಚ್ಚು.

ರೋಗ ತಗಲಿದ ಬೆಕ್ಕು ಬಹುಮಟ್ಟಿಗೆ ಉಗ್ರ ಸ್ವರೂಪ ತಾಳುತ್ತದೆ. ಎಂದೂ ಉಗುರು ತೋರದ ಬೆಕ್ಕು ಮೂಲೆಯಿಂದ ಹಾರಿ ಮುಖಕ್ಕೆ, ಕೈಗೆ ಎರಗುತ್ತದೆ. ಮಕ್ಕಳು ಅದನ್ನು ಎತ್ತಿಕೊಂಡು ಮಲಗುವ ಮನೆಗಳಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟಿಗೆಯ ಕರುವನ್ನೂ ಅದು ಕಚ್ಚಬಹುದು.

ಬೆಕ್ಕಿನ ಮರಿಗೆ ಸುಮಾರು 3 ತಿಂಗಳ ವಯಸ್ಸಿನಲ್ಲಿ ಮೊದಲ ರೇಬೀಸ್ ಲಸಿಕೆ, ಅದಾದ ಒಂದು ವರ್ಷಕ್ಕೆ ಮರುಲಸಿಕೆ ನೀಡಲಾಗುತ್ತದೆ. ನಂತರದ ಅವಧಿ ಆಯಾ ಲಸಿಕೆಯ ಪರವಾನಗಿಯನ್ನು ಅವಲಂಬಿಸಿದೆ. ಕೆಲವು ಲಸಿಕೆಗಳು 3 ವರ್ಷದ ರಕ್ಷಣೆಗೆ ಪರವಾನಗಿ ಪಡೆದಿವೆ. ಆದರೆ ರೋಗ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ವರ್ಷಕ್ಕೊಮ್ಮೆ ಹಾಕಿಸುವ ಪದ್ಧತಿಯೇ ರೂಢಿಯಲ್ಲಿದೆ. ಹೊರಗೆ ಅಲೆಯುವ ಹಳ್ಳಿಯ ಬೆಕ್ಕಿಗೆ ಅದನ್ನೇ ಪಾಲಿಸುವುದು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಹಿಂದೆ ಎಂದೂ ಲಸಿಕೆ ಹಾಕಿಸದ ಬೆಳೆದ ಬೆಕ್ಕಿಗೆ ಯಾವ ವಯಸ್ಸಿನಲ್ಲಾದರೂ ಆರಂಭಿಸಬಹುದು. ಅಪಾಯ ಹೆಚ್ಚಿರುವ ಕಡೆ ಮೊದಲ ಡೋಸಿನ 2ರಿಂದ 4 ವಾರಗಳ ನಂತರ ಇನ್ನೊಂದು ಡೋಸ್ ನೀಡುವಂತೆ ಪಶುವೈದ್ಯರು ಸೂಚಿಸಬಹುದು. ಲಸಿಕೆ ಹಾಕಿಸಿದ ದಿನವೇ ರಕ್ಷಣೆ ಬರುವುದಿಲ್ಲ. ಮೊದಲ ಲಸಿಕೆಯ ನಂತರ ಸುಮಾರು ನಾಲ್ಕು ವಾರ ಕಾಯಬೇಕು.

ಇಲ್ಲಿ ಸ್ವಂತ ಅನುಭವವೊಂದನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಊರಿನಲ್ಲಿ ನಮ್ಮ ತಾಯಿ ಇರುವ ತೋಟದ ಮನೆಯಲ್ಲಿ ಒಂದು ಬೆಕ್ಕಿತ್ತು. ಮರಿಯಿದ್ದಾಗ ಎಲ್ಲ ಲಸಿಕೆಗಳನ್ನೂ ನಾನೇ ಹಾಕಿಸಿದ್ದೆ. ಆಮೇಲೆ ಬೆಳೆದ ಬೆಕ್ಕಲ್ಲವೇ, ಮನೆ ಬಿಟ್ಟು ಹೋಗುವುದಿಲ್ಲವಲ್ಲವೇ ಎಂದು ವರ್ಷದಿಂದ ವರ್ಷಕ್ಕೆ ಮುಂದೂಡಿದೆ. ತೋಟದ ನಾಯಿಗೆ ಮಾತ್ರ ತಪ್ಪದೆ ಹಾಕಿಸುತ್ತಿದ್ದೆ. ಬೆಕ್ಕಿಗೆ ಆರು ವರ್ಷವಾಗಿದ್ದಾಗ, ಒಂದು ಬೆಳಿಗ್ಗೆ ಹಾಲು ಇಡಲು ಹೋದ ತಾಯಿಯ ಅಂಗೈಯನ್ನು ಅದು ಆಳವಾಗಿ ಕಚ್ಚಿತು. ಎರಡು ದಿನಗಳ ನಂತರ ಬೆಕ್ಕು ಮನೆಗೆ ಬರಲೇ ಇಲ್ಲ. ಕಚ್ಚಿದ ನಾಯಿ ಅಥವಾ ಬೆಕ್ಕನ್ನು 10 ದಿನ ಕಣ್ಗಾವಲಿನಲ್ಲಿ ಇಡಬೇಕೆಂಬುದು ನಿಯಮ. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ, ಕಚ್ಚಿದ ವೇಳೆಗೆ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದು ತಿಳಿಯಬಹುದು. ಕಣ್ಗಾವಲಿಡಲು ನಮ್ಮಲ್ಲಿ ಬೆಕ್ಕೇ ಇರಲಿಲ್ಲ. ವೈದ್ಯರು ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿ, ಲಸಿಕೆಯ ಪೂರ್ಣ ಸರಣಿಯನ್ನು ನೀಡಿದರು. "ನಾಯಿಗಾದರೆ ಮರೆಯದೆ ಸೂಜಿ ಹಾಕಿಸುತ್ತೀಯ, ಬೆಕ್ಕು ಮನೆಯ ಪ್ರಾಣಿ ಅಲ್ಲವೇನಪ್ಪಾ?" ಎಂದು ತಾಯಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ತಾಯಿ ಆರೋಗ್ಯವಾಗಿದ್ದಾರೆ. ಆ ಬೆಕ್ಕಿಗೆ ರೋಗವಿತ್ತೋ, ಇಲ್ಲವೋ, ಇಂದಿಗೂ ತಿಳಿದಿಲ್ಲ.

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ತಕ್ಷಣ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಅರಿಶಿನ, ಎಲೆಯ ರಸ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆ ಉಚಿತ. ಬೆಕ್ಕಿಗೆ ಲಸಿಕೆ ಹಾಕಿಸಿದ್ದೇವೆಂದು ಮನುಷ್ಯರ ಚಿಕಿತ್ಸೆಯನ್ನು ಬಿಡುವಂತಿಲ್ಲ. ಬೆಕ್ಕಿನ ಲಸಿಕೆ ಚೀಟಿಯನ್ನು ವೈದ್ಯರಿಗೆ ತೋರಿಸಿ, ಮುಂದಿನದನ್ನು ಅವರು ತೀರ್ಮಾನಿಸಲಿ.

ಮೂರು ರೋಗಗಳ ಸಂಯುಕ್ತ ಲಸಿಕೆ: ಇಲ್ಲಿ ಲೆಕ್ಕ ಬೇರೆ

ಈ ಲಸಿಕೆಯಲ್ಲಿ ಪ್ಯಾನ್‌ಲ್ಯುಕೋಪೀನಿಯಾ ಎಂಬ ಮಾರಕ ಭೇದಿ ರೋಗದ ವಿರುದ್ಧ ಮತ್ತು ಬೆಕ್ಕಿನ ಶೀತಜ್ವರಕ್ಕೆ ಕಾರಣವಾದ ಹರ್ಪಿಸ್ ಹಾಗೂ ಕ್ಯಾಲಿಸಿ ವೈರಾಣುಗಳ ವಿರುದ್ಧ ರಕ್ಷಣೆ ಇರುತ್ತದೆ. ಈ ಮೂರೂ ಮನುಷ್ಯರಿಗೆ ತಗಲುವುದಿಲ್ಲ.

ಪ್ಯಾನ್‌ಲ್ಯುಕೋಪೀನಿಯಾ ವೈರಾಣು ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ವೈರಾಣುವಿನ ಹತ್ತಿರದ ಸಂಬಂಧಿ. ಅದು ಬಹಳ ಗಟ್ಟಿ ಜೀವ. ನೆಲ, ಗೋಣಿಚೀಲ, ಬುಟ್ಟಿಗಳಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯಬಲ್ಲದು. ಒಂದು ಸೂಲಿನ ಮರಿಗಳೆಲ್ಲ ವಾಂತಿ ಭೇದಿಯಿಂದ ಎರಡು ಮೂರು ದಿನಗಳಲ್ಲಿ ಸತ್ತವೆಂದು ರೈತರು ಹೇಳಿದಾಗ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅಂಥ ಜಾಗವನ್ನು ಫಿನೈಲ್‌ನಿಂದ ತೊಳೆಯುವುದು ವಾಡಿಕೆ. ಆದರೆ ಫಿನೈಲ್‌ನಂತಹ ದ್ರಾವಣಗಳು ಬೆಕ್ಕಿಗೆ ವಿಷ. ಮನೆಬಳಕೆಯ ದ್ರವ ಬ್ಲೀಚ್ 1 ಪಾಲಿಗೆ 32 ಪಾಲು ನೀರು ಬೆರೆಸಿ ತೊಳೆಯುವುದು ಸರಿಯಾದ ಕ್ರಮ.

ಮರಿಗಳಿಗೆ ಈ ಲಸಿಕೆಯನ್ನು 6ರಿಂದ 8 ವಾರಗಳಲ್ಲಿ ಆರಂಭಿಸಿ, 3–4 ವಾರಗಳ ಅಂತರದಲ್ಲಿ ಮರಿಗೆ 16 ವಾರ ತುಂಬುವವರೆಗೆ ಮುಂದುವರಿಸುತ್ತಾರೆ. ಇಷ್ಟು ಸಲ ಏಕೆ? ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಇರುವವರೆಗೂ ಲಸಿಕೆ ನಾಟುವುದಿಲ್ಲ. ಅವು ಯಾವ ವಾರದಲ್ಲಿ ಕರಗುತ್ತವೆ ಎಂಬುದು ಮರಿಯಿಂದ ಮರಿಗೆ ಭಿನ್ನ. ಹಸಿ ಕಡಿಮೆಯಿರುವ ಹೊಲದಲ್ಲಿ ಬೀಜ ಬಿತ್ತಿದಂತೆ, ಒಂದು ಬಿತ್ತನೆ ಹುಸಿ ಹೋದರೂ ಇನ್ನೊಂದು ಮೊಳೆಯಲೆಂದು ಮತ್ತೆ ಹಾಕುವುದು. 16 ವಾರಗಳ ಡೋಸ್ ತಪ್ಪಿಸಿಕೊಂಡ ಮರಿಗಳಲ್ಲಿ ಲಸಿಕೆ ನಾಟದೇ ಹೋಗಿರುವ ಸಾಧ್ಯತೆ ಇದ್ದೇ ಇದೆ. ಅದಕ್ಕಾಗಿ 6 ತಿಂಗಳಿಂದ ಒಂದು ವರ್ಷದೊಳಗೆ ಮತ್ತೊಂದು ಡೋಸ್ ನೀಡಬೇಕು. ನಮ್ಮ ರೈತರು ಹೆಚ್ಚಾಗಿ ಬಿಟ್ಟುಬಿಡುವುದು ಈ ಕೊನೆಯ ಡೋಸನ್ನೇ.

ಈ ಬುನಾದಿ ಪೂರ್ಣವಾಗಿ ಬಿದ್ದಿದ್ದರೆ, ಬೆಳೆದ ಬೆಕ್ಕಿಗೆ ಸಂಯುಕ್ತ ಲಸಿಕೆಯನ್ನು ಪ್ರತಿ ವರ್ಷ ಹಾಕಿಸುವ ಅಗತ್ಯವಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಒಳ್ಳೆಯ ಆಧಾರ. ಮರಿಯಿದ್ದಾಗ ಮಾತ್ರ ಲಸಿಕೆ ಪಡೆದ ಬೆಕ್ಕುಗಳನ್ನು ಅವರು ಬೇರೆ ಬೆಕ್ಕುಗಳ ಸಂಪರ್ಕವಿಲ್ಲದಂತೆ ಏಳೂವರೆ ವರ್ಷ ಇರಿಸಿ, ಬಳಿಕ ರೋಗಾಣುಗಳಿಗೆ ಒಡ್ಡಿದರು. ಪ್ಯಾನ್‌ಲ್ಯುಕೋಪೀನಿಯಾ ವಿರುದ್ಧ ರಕ್ಷಣೆ ಆಗಲೂ ಪೂರ್ಣವಾಗಿತ್ತು. ಶೀತಜ್ವರದ ಎರಡು ವೈರಾಣುಗಳ ವಿರುದ್ಧ ರಕ್ಷಣೆ ಭಾಗಶಃ ಉಳಿದಿತ್ತು. ವಿಶ್ವ ಸಣ್ಣ ಪ್ರಾಣಿಗಳ ಪಶುವೈದ್ಯಕೀಯ ಸಂಘದ ಮಾರ್ಗಸೂಚಿಯೂ ಅಪಾಯ ಕಡಿಮೆಯಿರುವ ಬೆಳೆದ ಬೆಕ್ಕುಗಳಿಗೆ ಈ ಲಸಿಕೆಯನ್ನು 3 ವರ್ಷಕ್ಕಿಂತ ಬೇಗ ಪುನರಾವರ್ತಿಸಬಾರದು ಎನ್ನುತ್ತದೆ.

ಶೀತಜ್ವರದ ವಿಷಯದಲ್ಲಿ ಮಾತ್ರ ಒಂದು ವಿನಾಯಿತಿ ಇದೆ. ಆ ಲಸಿಕೆ ಸೋಂಕನ್ನೇ ತಡೆಯುವುದಿಲ್ಲ, ರೋಗದ ತೀವ್ರತೆಯನ್ನು ತಗ್ಗಿಸುತ್ತದೆ ಅಷ್ಟೆ. ಹಲವು ಬೆಕ್ಕುಗಳು ಒಂದೇ ಕಡೆ ಇರುವ ಮನೆ, ಹೊಸ ಬೆಕ್ಕುಗಳು ಬಂದು ಸೇರುತ್ತಿರುವ ಜಾಗ, ಊರಿಗೆ ಹೋಗುವಾಗ ಬೆಕ್ಕನ್ನು ಬಿಟ್ಟುಹೋಗುವ ಸಾಕಣೆ ಕೇಂದ್ರ, ಇಂಥ ಸಂದರ್ಭಗಳಲ್ಲಿ ವರ್ಷಕ್ಕೊಮ್ಮೆ ಹಾಕಿಸುವಂತೆ ಪಶುವೈದ್ಯರು ಹೇಳಿದರೆ ಅದಕ್ಕೆ ಕಾರಣವಿದೆ. ಹಿನ್ನೆಲೆ ತಿಳಿಯದ ಬೆಳೆದ ಬೆಕ್ಕು ನಿಮ್ಮ ಮನೆ ಸೇರಿದರೆ 2ರಿಂದ 4 ವಾರಗಳ ಅಂತರದಲ್ಲಿ ಎರಡು ಡೋಸ್ ಹಾಕಿಸಿ, ಒಂದು ವರ್ಷದೊಳಗೆ ಮತ್ತೊಂದು ಡೋಸ್ ಕೊಡಿಸಿ ಬುನಾದಿ ಹಾಕಿಕೊಳ್ಳಬೇಕು. ಗಬ್ಬದ ಬೆಕ್ಕಿಗೆ ಸಜೀವ ಲಸಿಕೆ ಸಲ್ಲದು. ಹೊಟ್ಟೆಯಲ್ಲಿರುವ ಮರಿಗಳ ಮಿದುಳಿಗೆ ಅದು ಹಾನಿ ಮಾಡಬಹುದು. ಗಬ್ಬವಿರುವ ಅನುಮಾನವಿದ್ದರೂ ಪಶುವೈದ್ಯರಿಗೆ ಮೊದಲೇ ತಿಳಿಸಿ.

ಬೆಕ್ಕಿನ ಲ್ಯುಕೀಮಿಯಾ ರೋಗದ ಲಸಿಕೆಯ ಬಗ್ಗೆ ನಗರವಾಸಿಗಳು ಕೇಳುವುದುಂಟು. ಆ ರೋಗ ಕಂಡುಬರುವ ಪ್ರದೇಶಗಳಲ್ಲಿ ಹೊರಗೆ ಓಡಾಡುವ ಎಳೆಯ ಬೆಕ್ಕುಗಳಿಗೆ ಅದು ಉಪಯುಕ್ತ. ವಯಸ್ಸಾದಂತೆ ಬೆಕ್ಕಿನಲ್ಲಿ ಆ ರೋಗಕ್ಕೆ ಸಹಜ ಪ್ರತಿರೋಧ ಹೆಚ್ಚುತ್ತದೆ. ಹಣ ಮಿತವಾಗಿದ್ದರೆ ಮೊದಲು ರೇಬೀಸ್, ನಂತರ ಸಂಯುಕ್ತ ಲಸಿಕೆ, ಇದು ಕೊನೆಗೆ.

ಅತಿಯಾದರೆ ತೊಂದರೆಯೇನು?

ಖರ್ಚೊಂದೇ ಅಲ್ಲ. ಬಹಳ ವಿರಳವಾಗಿ, ಅಂದರೆ ಸುಮಾರು ಹತ್ತು ಸಾವಿರ ಬೆಕ್ಕುಗಳಲ್ಲಿ ಒಂದರಂತೆ, ಚುಚ್ಚುಮದ್ದು ಕೊಟ್ಟ ಜಾಗದಲ್ಲಿ ತಿಂಗಳುಗಳು ಅಥವಾ ವರ್ಷಗಳ ನಂತರ ಕ್ಯಾನ್ಸರ್ ಗಡ್ಡೆ ಬೆಳೆಯುವುದುಂಟು. ಅಮೆರಿಕದಲ್ಲಿ 1991ರಲ್ಲಿ ಇದು ಮೊದಲು ವರದಿಯಾಯಿತು. ಅಲ್ಲಿಂದ ಮುಂದೆ ಹೆಗಲುಗಳ ನಡುವೆ ಚುಚ್ಚುವ ಬದಲು ಕಾಲಿನ ಕೆಳಭಾಗದಲ್ಲಿ ಚುಚ್ಚುವ ಪದ್ಧತಿ ಬಂತು. ಗಡ್ಡೆ ಬಂದರೂ ಶಸ್ತ್ರಚಿಕಿತ್ಸೆಯಿಂದ ಬೆಕ್ಕನ್ನು ಉಳಿಸಿಕೊಳ್ಳುವ ಅವಕಾಶ ಅಲ್ಲಿ ಹೆಚ್ಚು. ಲಸಿಕೆಯ ನಂತರ ಸಣ್ಣ ಗಂಟು ಕಾಣಿಸಿ ಕೆಲವು ವಾರಗಳಲ್ಲಿ ಕರಗುವುದು ಸಾಮಾನ್ಯ. ಗಂಟು 3 ತಿಂಗಳಾದರೂ ಉಳಿದಿದ್ದರೆ, 2 ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ ಅಥವಾ ಲಸಿಕೆ ಹಾಕಿದ ಒಂದು ತಿಂಗಳ ನಂತರವೂ ಬೆಳೆಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಈ ಅಪಾಯವನ್ನು ಕೇಳಿ ಹೆದರಿ ರೇಬೀಸ್ ಲಸಿಕೆಯನ್ನು ಬಿಡುವವರಿದ್ದಾರೆ. ಅದು ಕಾಲುಮುಳ್ಳಿಗೆ ಹೆದರಿ ಬೆಂಕಿಯ ಮೇಲೆ ನಡೆದಂತೆ. ಬೇಡದ ಡೋಸ್ ಬೇಡ ಎನ್ನುವುದಕ್ಕಷ್ಟೇ ಈ ಮಾಹಿತಿ.

ಲಸಿಕೆಯ ವ್ಯಾಪ್ತಿಗೆ ಬಾರದ ಸಂಗತಿಗಳೂ ಇವೆ. ಕುರಿ ಮೇಕೆಗಳಲ್ಲಿ ಗರ್ಭಪಾತಕ್ಕೆ ಕಾರಣವಾಗಬಲ್ಲ ಟಾಕ್ಸೊಪ್ಲಾಸ್ಮಾ ಪರೋಪಜೀವಿ ಬೆಕ್ಕಿನ ಮಲದ ಮೂಲಕ ಹರಡುತ್ತದೆ. ಇದಕ್ಕೆ ಬೆಕ್ಕಿಗೆ ಹಾಕಿಸಬಹುದಾದ ಲಸಿಕೆ ಇಲ್ಲ. ಹಿಂಡಿ, ಮೇವಿನ ರಾಶಿ ಮತ್ತು ಕುಡಿಯುವ ನೀರಿನ ತೊಟ್ಟಿಯನ್ನು ಬೆಕ್ಕು ಮಲವಿಸರ್ಜನೆ ಮಾಡದಂತೆ ಮುಚ್ಚಿಡುವುದೇ ಉಪಾಯ. ಇನ್ನು ಇಲಿ ಪಾಷಾಣ. ಬ್ರೋಮಾಡಿಯೋಲೋನ್‌ನಂತಹ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ತೂಗಾಡುತ್ತ ಓಡಾಡುತ್ತದೆ, ಬೆಕ್ಕಿಗೆ ಸುಲಭದ ಬೇಟೆಯಾಗುತ್ತದೆ. ವರ್ಷವರ್ಷ ಲಸಿಕೆ ಹಾಕಿಸಿಕೊಂಡ ಬೆಕ್ಕು ಹೀಗೆ ಸತ್ತದ್ದನ್ನು ಕಂಡಿದ್ದೇನೆ. ಬೆಕ್ಕಿರುವ ಉಗ್ರಾಣದಲ್ಲಿ ಬೋನು ಮತ್ತು ಇಲಿ ನುಗ್ಗದಂತಹ ತಗಡಿನ ತಡೆ ಮೊದಲ ಆಯ್ಕೆಯಾಗಿರಲಿ. ದೊಡ್ಡ ಹೆಗ್ಗಣದ ತಂಟೆಗೆ ಬೆಕ್ಕು ಹೋಗುವುದೂ ಅಪರೂಪ ಎಂಬುದನ್ನು ಗಮನದಲ್ಲಿಡಿ.

ಬೆಕ್ಕನ್ನು ಚಿಕಿತ್ಸಾಲಯಕ್ಕೆ ಒಯ್ಯುವುದು

ವಾಸ್ತವದಲ್ಲಿ ಬಹಳ ಬೆಕ್ಕುಗಳಿಗೆ ಲಸಿಕೆ ತಪ್ಪುವುದು ಹಣದ ಕಾರಣಕ್ಕಲ್ಲ, ಹಿಡಿಯಲಾಗದ ಕಾರಣಕ್ಕೆ. ಗೋಣಿಚೀಲದಲ್ಲಿ ಕಟ್ಟಿ ಒಯ್ಯಬೇಡಿ. ಬಿಸಿಲಿನಲ್ಲಿ ಉಸಿರುಕಟ್ಟುತ್ತದೆ, ಬಿಚ್ಚುವವರ ಕೈಯೂ ಸೀಳುತ್ತದೆ. ಗಾಳಿಯಾಡುವ ಪ್ಲಾಸ್ಟಿಕ್ ತರಕಾರಿ ಕ್ರೇಟ್ ಒಂದನ್ನು ಇನ್ನೊಂದರ ಮೇಲೆ ಕವುಚಿ ಹಗ್ಗದಿಂದ ಬಿಗಿದರೆ ಒಳ್ಳೆಯ ಪಂಜರವಾಗುತ್ತದೆ. ಒಂದು ವಾರ ಮೊದಲೇ ಅದನ್ನು ಬೆಕ್ಕು ಮಲಗುವ ಜಾಗದಲ್ಲಿಟ್ಟು, ಒಳಗೆ ಹಳೆಯ ಬಟ್ಟೆ ಹಾಸಿ, ಅನ್ನವನ್ನು ಅಲ್ಲಿಯೇ ಇಡುತ್ತ ಬನ್ನಿ. ಜ್ವರ, ಭೇದಿ ಇರುವ ಬೆಕ್ಕಿಗೆ ಆ ದಿನ ಲಸಿಕೆ ಬೇಡ. ಲಸಿಕೆ ಹಾಕಿಸಿದ ಮೇಲೆ 15–20 ನಿಮಿಷ ಚಿಕಿತ್ಸಾಲಯದಲ್ಲಿಯೇ ಇರಿ. ಮುಖ ಊದುವುದು, ಪದೇ ಪದೇ ವಾಂತಿ, ಉಸಿರಾಟದ ತೊಂದರೆ ಕಂಡರೆ ಕೂಡಲೇ ಹೇಳಿ. ಒಂದೆರಡು ದಿನ ಮಂಕಾಗಿ ಮಲಗುವುದು ಸಹಜ.

ಲಸಿಕೆಯ ಹೆಸರು, ತಂಡದ ಸಂಖ್ಯೆ, ಯಾವ ಕಾಲಿಗೆ ಚುಚ್ಚಿದರು ಮತ್ತು ಮುಂದಿನ ದಿನಾಂಕ ಇವಿಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೂರು ವರ್ಷಕ್ಕೊಮ್ಮೆ ಬರುವ ದಿನಾಂಕವನ್ನು ಯಾರೂ ನೆನಪಿಡುವುದಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಸೂಚನೆ. ಗ್ರಾಮದಲ್ಲಿ ಜಾನುವಾರು ಲಸಿಕಾ ಶಿಬಿರ ಏರ್ಪಡಿಸುವಾಗ ಬೆಕ್ಕುಗಳನ್ನೂ ಪಟ್ಟಿಗೆ ಸೇರಿಸಿ. ರೇಬೀಸ್ ಲಸಿಕೆ ಹಲವು ಡೋಸುಗಳ ಸೀಸೆಯಲ್ಲಿಯೂ ದೊರೆಯುತ್ತದೆ. ಒಮ್ಮೆ ತೆರೆದ ಸೀಸೆಯನ್ನು ಅಂದೇ ಬಳಸಿ ಮುಗಿಸಬೇಕಾದ್ದರಿಂದ ಒಂದೇ ಬೆಕ್ಕಿಗಾಗಿ ತೆರೆಯಲು ಚಿಕಿತ್ಸಾಲಯದವರು ಹಿಂಜರಿಯುವುದುಂಟು. ಹತ್ತು ಮನೆಗಳವರು ಒಂದೇ ದಿನ ಬಂದರೆ ಆ ತೊಡಕು ಇರುವುದಿಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಯ್ಯಬೇಕು. ರೇಬೀಸ್ ಲಸಿಕೆ ಹೆಪ್ಪುಗಟ್ಟಿದರೆ ಕೆಡುತ್ತದೆ. ಆದ್ದರಿಂದ ಸೀಸೆ ನೇರವಾಗಿ ಮಂಜುಗಡ್ಡೆಗೆ ತಾಗದಂತೆ ನೋಡಿಕೊಳ್ಳಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಅನೇಕ ಪಶು ಚಿಕಿತ್ಸಾಲಯಗಳು ಉಚಿತ ಲಸಿಕೆ ನೀಡುತ್ತವೆ. ಅಲ್ಲಿಗೆ ಬರುವವು ಬಹುತೇಕ ನಾಯಿಗಳೇ. ಆಗಸ್ಟ್ ತಿಂಗಳ ಕೊನೆಯಲ್ಲಿಯೇ ನಿಮ್ಮ ಗ್ರಾಮದ ಬೆಕ್ಕುಗಳ ಸಂಖ್ಯೆಯನ್ನು ಪಶುವೈದ್ಯರಿಗೆ ತಿಳಿಸಿದರೆ ಅಷ್ಟು ಡೋಸುಗಳನ್ನು ಸೇರಿಸಿ ತರಿಸಿಕೊಳ್ಳಲು ಅವರಿಗೆ ಸಮಯ ಸಿಗುತ್ತದೆ.